ಮಾರ್ಕ್ 3 ಅಂಬಾಸಿಡರ್‌ಗೆ ಇಸುಜು ಎಂಜಿನ್: ಒಂದು ವರ್ಷ ಓಡಿಸಿದ ಮೇಲಿನ ವಿಮರ್ಶೆ

ನಮ್ಮ ಮನೆಯ 1977ರ ಮಾರ್ಕ್ 3 ಅಂಬಾಸಿಡರ್ ಕಾರಿಗೆ ಬೆಂಗಳೂರಿನ ಒಂದು ಗ್ಯಾರೇಜಿನಲ್ಲಿ ಜಪಾನಿನ ಇಸುಜು ಕಂಪನಿಯ ಎಂಜಿನ್, ಐದು ಗೇರುಗಳ ಗೇರ್‌ಬಾಕ್ಸ್, ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕು ಮತ್ತು ಹೊಸ ವೈರಿಂಗ್ ಹಾಕಿಸಿ ಒಂದು ವರ್ಷವಾಯಿತು. ಅಲ್ಲಿಂದೀಚೆಗೆ ಕಾರು ಏಳು ಸಾವಿರ ಕಿಲೋಮೀಟರಿಗೂ ಹೆಚ್ಚು ಓಡಿದೆ; ಮಲೆನಾಡಿನ ಒಂದು ಪೂರ್ತಿ ಮಳೆಗಾಲವನ್ನೂ ಕಂಡಿದೆ. ಹೊಸತರ ಸಂಭ್ರಮ ಇಳಿದು, ಕೆಲಸದ ಗುಣದೋಷಗಳು ಸ್ಪಷ್ಟವಾಗಿರುವುದರಿಂದ, ಇಂಥದ್ದೇ ಯೋಚನೆಯಲ್ಲಿರುವವರಿಗೆ ನೆರವಾಗಲೆಂದು ಇದನ್ನು ಬರೆಯುತ್ತಿದ್ದೇನೆ.

ಹಳೆಯ ಎಂಜಿನ್ ಕೆಟ್ಟದ್ದೆಂದು ನಾನು ಎಂದೂ ಹೇಳಲಾರೆ. ಬ್ರಿಟನ್ನಿನ ಬಿಎಂಸಿ ಕಂಪನಿಯ ವಿನ್ಯಾಸದ ಆ 1489 ಸಿಸಿ ಪೆಟ್ರೋಲ್ ಎಂಜಿನ್ನನ್ನು ಹಳ್ಳಿಯ ಮೆಕ್ಯಾನಿಕ್ ಕೂಡ ನಾಲ್ಕು ಸ್ಪ್ಯಾನರ್ ಹಿಡಿದು ಬಿಚ್ಚಿ ಜೋಡಿಸಬಲ್ಲ. ಆದರೆ ನಮ್ಮ ಊರು ತೀರ್ಥಹಳ್ಳಿ; ಉಡುಪಿಗೆ ಹೋಗಿಬರಬೇಕೆಂದರೆ ಆಗುಂಬೆ ಘಾಟಿ ಹತ್ತಿ ಇಳಿಯಲೇಬೇಕು. ಸೋಮೇಶ್ವರದಿಂದ ಮೇಲೇರುವ ಆ ಹದಿನಾಲ್ಕು ತಿರುವುಗಳಲ್ಲಿ ಎರಡನೇ ಗೇರು ಸಾಲದೆ ಎಂಜಿನ್ ಏದುಸಿರು ಬಿಡುತ್ತಿತ್ತು; ಮೊದಲ ಗೇರಿಗೆ ಸಿಂಕ್ರೊಮೆಶ್ (ಗೇರು ಬದಲಿಸುವಾಗ ಹಲ್ಲುಗಳ ವೇಗವನ್ನು ಹೊಂದಿಸುವ ವ್ಯವಸ್ಥೆ) ಇಲ್ಲದ ಕಾರಣ ಕಾರನ್ನು ಪೂರ್ತಿ ನಿಲ್ಲಿಸದೆ ಆ ಗೇರಿಗೆ ಇಳಿಸಿದರೆ ಹಲ್ಲು ಕಡಿಯುವ ಸದ್ದು ಬರುತ್ತಿತ್ತು. ಬೇಸಿಗೆಯಲ್ಲಿ ಪೆಟ್ರೋಲ್ ಪಂಪು ಕಾದು ಇಂಧನ ಆವಿಯಾಗಿ ಕಾರು ನಿಂತುಬಿಡುತ್ತಿತ್ತು. ಆಗ ಅಪ್ಪ ಡಿಕ್ಕಿಯಿಂದ ನೀರಿನ ಕ್ಯಾನು ತೆಗೆದು, ಪಂಚೆಯ ತುಂಡೊಂದನ್ನು ಒದ್ದೆ ಮಾಡಿ ಪಂಪಿಗೆ ಸುತ್ತಿ, ಹತ್ತು ನಿಮಿಷ ಕಟ್ಟೆಯ ಮೇಲೆ ಕೂರುತ್ತಿದ್ದರು. ಈಗ ಅದೇ ತಿರುವಿನಲ್ಲಿ ಹಿಂದೆ ಬಸ್ಸು, ಕಾರುಗಳ ಸಾಲು ನಿಂತಿರುವಾಗ ಹಾಗೆ ಕೂರುವಂತಿಲ್ಲ.

ಯಾವ ಎಂಜಿನ್ ಹಾಕಿಸಬೇಕೆಂಬ ಪ್ರಶ್ನೆಗೆ ಗ್ಯಾರೇಜಿನವರು ಮೊದಲು ಸೂಚಿಸಿದ್ದು ಜಪಾನಿ ಕಂಪನಿಯೊಂದರ ಡೀಸೆಲ್ ಎಂಜಿನ್ನನ್ನು. ನಾನು ಒಪ್ಪಲಿಲ್ಲ. 1990ರ ದಶಕದಲ್ಲಿ ಹಿಂದುಸ್ತಾನ್ ಮೋಟಾರ್ಸ್ ತಾನೇ ಇಸುಜುವಿನ 1817 ಸಿಸಿ ಪೆಟ್ರೋಲ್ ಎಂಜಿನ್ನನ್ನು ನೆಲದಿಂದ ಮೇಲೆ ಬರುವ ಐದು ಗೇರಿನ ಕಡ್ಡಿಯೊಂದಿಗೆ ಅಂಬಾಸಿಡರ್‌ಗೆ ಅಳವಡಿಸಿ ಮಾರಿತ್ತು. ಬಾಡಿಯ ಮೂಲ ರಚನೆ ಹೆಚ್ಚುಕಡಿಮೆ ಅದೇ ಆದ್ದರಿಂದ, ಗುಜರಿಗೆ ಬಂದ, ಈ ಇಸುಜು ಎಂಜಿನ್ನಿನ ಒಂದು ಅಂಬಾಸಿಡರ್ 1800 ಕಾರಿನಿಂದ ಎಂಜಿನ್ ಜೊತೆಗೆ ಅದರ ಮೌಂಟಿಂಗ್ ಬ್ರಾಕೆಟ್, ಗೇರ್‌ಬಾಕ್ಸ್ ಹೊರುವ ಅಡ್ಡಪಟ್ಟಿ, ರೇಡಿಯೇಟರ್, ಎಲ್ಲವನ್ನೂ ಒಟ್ಟಿಗೇ ಪಡೆಯಲು ಸಾಧ್ಯವಾಯಿತು. ಕಾರಿನ ತಯಾರಕರೇ ಒಮ್ಮೆ ಮಾಡಿ ತೋರಿಸಿದ ಜೋಡಣೆಯನ್ನು ಬಿಟ್ಟು ಬೇರೆ ಎಂಜಿನ್ನಿನ ಆಸೆಗೆ ಬೀಳಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಬೇರೆ ಎಂಜಿನ್ನಾದರೆ ಪ್ರತಿಯೊಂದು ಬ್ರಾಕೆಟ್ಟನ್ನೂ ಊಹೆಯ ಮೇಲೆ ಕತ್ತರಿಸಿ ಬೆಸೆಯಬೇಕಾಗುತ್ತದೆ.

ಗ್ಯಾರೇಜಿನ ಕೆಲಸದಲ್ಲಿ ನನಗೆ ಅತ್ಯಂತ ಮೆಚ್ಚಿಗೆಯಾದದ್ದು ಎಂಜಿನ್ ಅಲ್ಲ, ಬ್ರೇಕು. ಎಂಜಿನ್ ಇಳಿಸುವ ಮೊದಲೇ ಬ್ರೇಕು ಮುಗಿಸುತ್ತೇವೆಂದು ಹಿರಿಯ ಮೆಕ್ಯಾನಿಕ್ ಹಟ ಹಿಡಿದರು. ಅದು ಸರಿಯಾದ ಹಟ. ಹಳೆಯ ವ್ಯವಸ್ಥೆಯಲ್ಲಿ ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕು; ಪೆಡಲ್ ಒತ್ತಿದಾಗ ಬ್ರೇಕ್ ಎಣ್ಣೆಯನ್ನು ಪೈಪುಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರ್‌ಗೆ ಒಂದೇ ಹಾದಿ. ಎಲ್ಲಿಯಾದರೂ ಒಂದು ಪೈಪು ಒಡೆದರೆ ನಾಲ್ಕೂ ಚಕ್ರಗಳ ಬ್ರೇಕು ಹೋದಂತೆಯೇ. ಈಗ ಮುಂದೆ ಡಿಸ್ಕ್, ಜೊತೆಗೆ ಪೆಡಲಿನ ಒತ್ತಡವನ್ನು ಹೆಚ್ಚಿಸುವ ಬೂಸ್ಟರ್, ಮುಂದಕ್ಕೂ ಹಿಂದಕ್ಕೂ ಪ್ರತ್ಯೇಕ ಹಾದಿಯ ಮಾಸ್ಟರ್ ಸಿಲಿಂಡರ್ ಇವೆ. ಪೈಪುಗಳನ್ನು ಹಳೆಯದಕ್ಕೆ ತೇಪೆ ಹಾಕದೆ ಪೂರ್ತಿ ಹೊಸದಾಗಿ ಎಳೆದಿದ್ದಾರೆ. ಘಾಟಿ ಇಳಿಯುವಾಗ ನಾಲ್ಕನೇ ತಿರುವಿನ ಹೊತ್ತಿಗೆ ಪೆಡಲ್ ಮೆತ್ತಗಾಗುತ್ತಿದ್ದ ಹಳೆಯ ಭಯ ಈಗ ಇಲ್ಲ. ಪೆಟ್ರೋಲಿನಲ್ಲಿ ಎಥನಾಲ್ ಅಂಶ ಹೆಚ್ಚಿರುವುದರಿಂದ ಇಂಧನದ ರಬ್ಬರ್ ಪೈಪುಗಳನ್ನೂ ಅದಕ್ಕೆ ತಾಳುವಂಥದ್ದಕ್ಕೆ ಬದಲಿಸಿದ್ದರು. ಇದನ್ನು ನಾನು ಕೇಳಿರಲಿಲ್ಲ, ಅವರೇ ನೆನಪಿಟ್ಟು ಮಾಡಿದರು.

ಇನ್ನು ದೋಷಗಳು. ಕಾರು ಕೈಗೆ ಬಂದ ಮೊದಲ ವಾರವೇ ಗಂಟೆಗೆ 65 ಕಿಲೋಮೀಟರ್ ವೇಗ ದಾಟಿದರೆ ಒಳಗಿನ ಕನ್ನಡಿಯಲ್ಲಿ ಹಿಂದಿನ ಲಾರಿ ಎರಡೆರಡಾಗಿ ಕಾಣುವಷ್ಟು ನಡುಕ ಬರುತ್ತಿತ್ತು. ಹೊಸ ಗೇರ್‌ಬಾಕ್ಸಿನ ಅಳತೆಗೆ ತಕ್ಕಂತೆ ಎಂಜಿನ್ನಿನ ಶಕ್ತಿಯನ್ನು ಹಿಂದಿನ ಚಕ್ರಗಳಿಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟನ್ನು ಕತ್ತರಿಸಿ ವೆಲ್ಡ್ ಮಾಡಿದ್ದರು, ಆದರೆ ಬ್ಯಾಲೆನ್ಸ್ ಮಾಡಿಸಿರಲಿಲ್ಲ. ಎರಡು ಸಲ ಚಕ್ರಗಳ ಮೇಲೆಯೇ ತಪ್ಪು ಹೊರಿಸಿ ಕಳಿಸಿದರು. ಮೂರನೆಯ ಸಲ ನಾನೇ ಒತ್ತಾಯಿಸಿದ ಮೇಲೆ ಶಾಫ್ಟ್ ಬಿಚ್ಚಿ ಬ್ಯಾಲೆನ್ಸ್ ಮಾಡಿಸಿದರು, ಗೇರ್‌ಬಾಕ್ಸ್ ಮೌಂಟಿಂಗ್ ಅಡಿಗೆ ತೆಳು ತಗಡಿಟ್ಟು ಕೋನವನ್ನೂ ಸರಿಪಡಿಸಿದರು. ನಡುಕ ಅಂದಿಗೇ ನಿಂತಿತು.

ಎರಡನೆಯ ದೋಷ ಇದಕ್ಕಿಂತ ಗಂಭೀರವಾದದ್ದು. ಎಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕೂರುವುದರಿಂದ ಅದಕ್ಕೂ ಬಾಡಿಗೂ ನಡುವೆ, ವಿದ್ಯುತ್ತು ಬ್ಯಾಟರಿಗೆ ಮರಳುವ ದಾರಿಯಾಗಿ, ದಪ್ಪನೆಯ ಅರ್ಥಿಂಗ್ ಪಟ್ಟಿ ಇರಲೇಬೇಕು. ಅಲ್ಲಿ ತೆಳು ವೈರೊಂದನ್ನು ಬಿಗಿದಿದ್ದರು. ಸ್ಟಾರ್ಟರ್ ಎಳೆಯುವ ಭಾರಿ ವಿದ್ಯುತ್ತು ಆ ವೈರಿನಲ್ಲಿ ಸಾಗಲಾರದೆ ಆಕ್ಸಿಲರೇಟರ್ ಕೇಬಲಿನ ಮೂಲಕ ದಾರಿ ಹುಡುಕಿಕೊಂಡಿತು. ಒಂದು ಬೆಳಗ್ಗೆ ಮೂರು ನಾಲ್ಕು ಸಲ ಸ್ಟಾರ್ಟ್ ಮಾಡಿದ ಬಳಿಕ ಪೆಡಲ್ ಅಂಟಂಟಾದಂತೆ ಅನಿಸಿ ಬಾನೆಟ್ ತೆರೆದರೆ, ಕೇಬಲಿನ ಹೊದಿಕೆ ಮುಟ್ಟಲಾಗದಷ್ಟು ಬಿಸಿಯಾಗಿತ್ತು, ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬರುತ್ತಿತ್ತು. ಓಡುವಾಗ ಆ ಕೇಬಲ್ ಕಚ್ಚಿಕೊಂಡಿದ್ದರೆ ಏನಾಗುತ್ತಿತ್ತೆಂದು ನೆನೆದರೆ ಈಗಲೂ ಮೈ ನಡುಗುತ್ತದೆ. ವೈರಿಂಗ್ ಕೆಲಸ ಮುಗಿದ ದಿನವೇ ಈ ಪಟ್ಟಿಯನ್ನು ಕಣ್ಣಾರೆ ನೋಡಿ, ಕೈಯಿಂದ ಎಳೆದು ಪರೀಕ್ಷಿಸಿರೆಂದು ಎಲ್ಲರಲ್ಲೂ ವಿನಂತಿಸುತ್ತೇನೆ.

ಗೇರು ಕಡ್ಡಿ ಸ್ಟೀರಿಂಗ್ ಪಕ್ಕದಿಂದ ನೆಲಕ್ಕೆ ಬಂದದ್ದರಿಂದ ಮುಂದಿನ ಉದ್ದ ಸೀಟಿನ ನಡುವಿನ ಜಾಗ ಹೋಯಿತು. ಚಿಕ್ಕಂದಿನಲ್ಲಿ ಅಪ್ಪ ಅಮ್ಮನ ನಡುವೆ ನಾನು ಕೂರುತ್ತಿದ್ದ ಜಾಗ ಅದು. ನನ್ನ ಮಗಳಿಗೆ ಅದು ಸಿಗುವುದಿಲ್ಲವೆಂಬ ಬೇಸರ ನನಗಿದೆ. ಕಡ್ಡಿಯ ಬುಡದ ರಬ್ಬರ್ ಹೊದಿಕೆಯಿಂದ ಮಳೆಗಾಲದಲ್ಲಿ ಕೆಸರು ನೀರು ಒಳಗೆ ಚಿಮ್ಮುತ್ತಿತ್ತು, ಈಗ ಸರಿಯಾಗಿದೆ.

ಕಾಗದ ಪತ್ರಗಳ ವಿಷಯದಲ್ಲಿ ಗ್ಯಾರೇಜಿನಿಂದ ಯಾವ ಸಹಾಯವೂ ಸಿಗಲಿಲ್ಲ. 'ಆಮೇಲೆ ನೋಡಿಕೊಳ್ಳೋಣ ಸರ್' ಎಂಬುದೇ ಅವರ ಉತ್ತರ. ಆಮೇಲೆ ನೋಡಿಕೊಳ್ಳುವ ವಿಷಯ ಇದಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರ ಬದಲಾಗುವಂಥ ಮಾರ್ಪಾಡಿಗೆ ಆರ್‌ಟಿಒ ಅನುಮತಿ ಬೇಕು. ವಾಹನವು ತಯಾರಕರ ಮೂಲ ವಿನ್ಯಾಸಕ್ಕಿಂತ ಬೇರೆಯಾಗುವಂತೆ ಮಾರ್ಪಡಿಸಬಾರದೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದ ಮೇಲೆ ಅಧಿಕಾರಿಗಳು ಇನ್ನೂ ಎಚ್ಚರ ವಹಿಸುತ್ತಾರೆ. ನಾನು ಎಂಜಿನ್ ಖರೀದಿಯ ರಸೀದಿ, ಗುಜರಿಗೆ ಹೋದ ಕಾರಿನ ರದ್ದಾದ ಆರ್‌ಸಿ ಪ್ರತಿ, ಇದೇ ಕಂಪನಿ ಇದೇ ಮಾದರಿಗೆ ಈ ಎಂಜಿನ್ ಹಾಕಿ ಮಾರಿದ್ದಕ್ಕೆ ದಾಖಲೆ, ಇವನ್ನೆಲ್ಲ ಲಗತ್ತಿಸಿ ಮೊದಲೇ ಅರ್ಜಿ ಕೊಟ್ಟಿದ್ದರಿಂದ ಅನುಮತಿ ದೊರೆಯಿತು, ಹೊಸ ಎಂಜಿನ್ ನಂಬರ್ ಆರ್‌ಸಿಗೂ ವಿಮೆಗೂ ಸೇರಿತು. ಮತ್ತೊಂದು ಮಾತನ್ನು ಕೆಲಸಕ್ಕೆ ಕೈಹಾಕುವ ಮುನ್ನವೇ ತೂಗಿ ನೋಡಬೇಕು. 2021ರ ಕೇಂದ್ರ ನಿಯಮಗಳ ಪ್ರಕಾರ 50 ವರ್ಷ ದಾಟಿದ ವಾಹನಕ್ಕೆ ವಿಂಟೇಜ್ ನೋಂದಣಿ ಸಿಗಬೇಕಾದರೆ ಅದು ಮೂಲ ರೂಪದಲ್ಲಿಯೇ ಇರಬೇಕು. ನಮ್ಮ ಕಾರಿಗೆ 2027ರಲ್ಲಿ 50 ತುಂಬುತ್ತದೆ. ಎಂಜಿನ್ ಬದಲಿಸಿ ಆ ಅರ್ಹತೆಯನ್ನು ನಾನು ಗೊತ್ತಿದ್ದೇ ಬಿಟ್ಟುಕೊಟ್ಟೆ. ವಿಂಟೇಜ್ ನೋಂದಣಿಯ ಕಾರನ್ನು ದಿನನಿತ್ಯ ರಸ್ತೆಗೆ ಇಳಿಸುವಂತಿಲ್ಲ; ನನಗೆ ಬೇಕಾದದ್ದು ವಾರಕ್ಕೆರಡು ಬಾರಿ ಊರಿಗೆ ಹೋಗಿಬರುವ ಕಾರು. ನಿಮ್ಮದು ಮೊದಲ ತಲೆಮಾರಿನ ಮಾರ್ಕ್ 1 ಆಗಿದ್ದು ಎಂಜಿನ್ ಜೀವಂತವಾಗಿದ್ದರೆ ದಯವಿಟ್ಟು ಅದನ್ನು ಮುಟ್ಟಬೇಡಿ.

ಒಟ್ಟು 2,85,000 ರೂಪಾಯಿ ಖರ್ಚಾಯಿತು. ಆರು ವಾರವೆಂದದ್ದು ಐದು ತಿಂಗಳಾಯಿತು. ಲೀಟರಿಗೆ ಒಂಬತ್ತು ಕಿಲೋಮೀಟರ್ ಕೊಡುತ್ತಿದ್ದ ಕಾರು ಈಗ ಹನ್ನೊಂದರ ಮೇಲೆ ಕೊಡುತ್ತಿದೆ. ಕಳೆದ ತಿಂಗಳು ಐದು ಜನರನ್ನು ಕೂರಿಸಿಕೊಂಡು ಸೋಮೇಶ್ವರದಿಂದ ಆಗುಂಬೆಗೆ ಎಲ್ಲಿಯೂ ನಿಲ್ಲದೆ ಹತ್ತಿದೆ; ಉಷ್ಣತೆಯ ಮುಳ್ಳು ಅರ್ಧ ದಾಟಲಿಲ್ಲ. ಬ್ರೇಕು ಮತ್ತು ಎಂಜಿನ್ ಜೋಡಣೆಗೆ ಈ ಗ್ಯಾರೇಜಿಗೆ ನನ್ನ ಪೂರ್ಣ ಅಂಕಗಳು, ವೈರಿಂಗಿಗೆ ಅರ್ಧಕ್ಕಿಂತ ಕಡಿಮೆ. ಹಿಂದಿನ ಚಕ್ರಗಳ ಸ್ಪ್ರಿಂಗ್ ಪಟ್ಟಾಗಳ ಬುಷ್ ಬದಲಿಸಲು ಮುಂದಿನ ತಿಂಗಳು ಅಲ್ಲಿಗೇ ಒಯ್ಯುತ್ತಿದ್ದೇನೆ; ವೈರಿಂಗನ್ನು ಮಾತ್ರ ಶಿವಮೊಗ್ಗದ ಆಟೊ ಎಲೆಕ್ಟ್ರಿಷಿಯನ್ ಒಬ್ಬರಿಂದ ಮೊದಲಿನಿಂದ ಕೊನೆಯವರೆಗೆ ಮತ್ತೆ ಮಾಡಿಸಿಕೊಂಡಿದ್ದೇನೆ. ಹಳೆಯ 1489 ಸಿಸಿ ಎಂಜಿನ್ನನ್ನು ಮಾರಿಲ್ಲ. ಎಣ್ಣೆ ಸವರಿ, ಗೋಣಿ ಹೊದಿಸಿ, ಕೊಟ್ಟಿಗೆಯ ಅಟ್ಟದ ಕೆಳಗೆ ಮರದ ಚೌಕಟ್ಟಿನ ಮೇಲೆ ಇಟ್ಟಿದ್ದೇನೆ.