ಬೇಸ್‌ಬಾಲ್ ಬ್ಯಾಟು ಕೊಳ್ಳುವ ಮುಂಚೆ ಅದರ ಕುತ್ತಿಗೆ ನೋಡಿ

ಕಳೆದ ವಾರ ನ್ಯೂಜೆರ್ಸಿಯ ನಮ್ಮ ಎಡಿಸನ್ ಕಡೆಯ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಕೇಳಿದ್ದರು: "ಮಗನಿಗೆ ಎಂಟು ವರ್ಷ, ಬೇಸ್‌ಬಾಲ್ ಆಡೋಕೆ ಲಿಟಲ್ ಲೀಗ್‌ಗೆ ಸೇರಿಸಿದ್ದೀವಿ. ಯಾರ ಹತ್ರ ಆದ್ರೂ ಹಳೇ ಬ್ಯಾಟ್ ಇದ್ಯಾ?" ಅರ್ಧ ಗಂಟೆಯೊಳಗೆ ಆರು ಜನ ತಮ್ಮ ಗ್ಯಾರೇಜಿನಲ್ಲಿ ಬಿದ್ದಿದ್ದ ಬ್ಯಾಟುಗಳ ಫೋಟೋ ಹಾಕಿದರು. ಒಂದರಲ್ಲೂ ಕುತ್ತಿಗೆಯ ಮೇಲಿನ ಮುದ್ರೆ ಕಾಣಿಸುತ್ತಿರಲಿಲ್ಲ. ಬ್ಯಾಟಿಗೆಲ್ಲಿಯ ಕುತ್ತಿಗೆ ಅಂತೀರಾ? ಹಿಡಿ ಮುಗಿದು ದಪ್ಪ ಶುರುವಾಗುವ ಜಾಗ. ಹೋದ ವರ್ಷದ ಏಪ್ರಿಲ್‌ವರೆಗೂ ನನಗೂ ಗೊತ್ತಿರಲಿಲ್ಲ. 180 ಡಾಲರ್ ಕಳೆದುಕೊಂಡು, ಮಗನನ್ನು ಮೈದಾನದ ನಡುವೆ ಅಳಿಸಿ ತಿಳಿದುಕೊಂಡೆ.

ನಾನು ಹಾಸನದವನು. ಓಣಿಯಲ್ಲಿ ಟೆನಿಸ್ ಬಾಲ್, ಕಾಲೇಜಿನಲ್ಲಿ ಲೆದರ್ ಬಾಲ್, ಇಲ್ಲಿಗೆ ಬಂದಮೇಲೂ ಭಾನುವಾರ ಬೆಳಗ್ಗೆ ಕ್ರಿಕೆಟ್ ಲೀಗ್. ಬ್ಯಾಟಿನ ವಿಷಯ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಅನ್ನುವ ಕೊಬ್ಬು ಚೆನ್ನಾಗಿಯೇ ಇತ್ತು. ಮಗನಿಗೆ ಆಗ ಒಂಬತ್ತು ವರ್ಷ. ಹಿಂದಿನ ವರ್ಷವೆಲ್ಲ ತಂಡದ ಚೀಲದಲ್ಲಿದ್ದ ಬ್ಯಾಟುಗಳಲ್ಲೇ ಆಡಿದ್ದ. ಈ ಸಲ ಸ್ವಂತದ್ದು ಬೇಕು ಅಂದ. ಅಂಗಡಿಗೆ ಹೋದರೆ ಗೋಡೆ ತುಂಬ ಬ್ಯಾಟು, ಒಂದಕ್ಕೆ 40 ಡಾಲರ್, ಪಕ್ಕದ್ದಕ್ಕೆ 350. ನೋಡೋಕೆ ಎರಡೂ ಒಂದೇ ತರ. ಅಲ್ಲಿದ್ದ ಹುಡುಗ ಏನೋ ಡ್ರಾಪ್, ಅಲಾಯ್, ಕಾಂಪೊಸಿಟ್ ಅಂತ ಶುರು ಮಾಡಿದ. ನಾನು ಗೊತ್ತಿರುವವನ ಹಾಗೆ ತಲೆಯಾಡಿಸಿ ಹೊರಗೆ ಬಂದೆ.

ಅದೇ ರಾತ್ರಿ ಸೆಕೆಂಡ್ ಹ್ಯಾಂಡ್ ಸಾಮಾನು ಮಾರುವ ಗುಂಪೊಂದರಲ್ಲಿ ಸಿಕ್ಕಿತು. 350 ಡಾಲರಿನ ಕಾಂಪೊಸಿಟ್, ಅಂದರೆ ಕಾರ್ಬನ್ ನಾರಿನ ಬ್ಯಾಟು, ಒಂದೇ ಸೀಸನ್ ಆಡಿದ್ದು, 180ಕ್ಕೆ. "ಎಲ್ಲ ಲೀಗಿಗೂ ನಡೆಯುತ್ತೆ" ಅಂತ ಬರೆದಿದ್ದ. ಫೋಟೋದಲ್ಲಿ ಅವನು ಬ್ಯಾಟನ್ನು ಸರಿಯಾಗಿ ಮಧ್ಯದಲ್ಲಿ, ಹಿಡಿ ಮುಗಿದು ದಪ್ಪ ಶುರುವಾಗುವ ಕಡೆ, ಮುಷ್ಟಿಯಲ್ಲಿ ಹಿಡಿದಿದ್ದ. ಆಗ ಅದು ನನಗೇನೂ ಅನ್ನಿಸಲಿಲ್ಲ. ಪಕ್ಕದ ಟೌನಿಗೆ ಹೋಗಿ, ಪೆಟ್ರೋಲ್ ಬಂಕಿನ ಮಬ್ಬು ಬೆಳಕಿನಲ್ಲಿ ನಗದು ಕೊಟ್ಟು ತಂದೆ. 31 ಇಂಚು ಉದ್ದ, 21 ಔನ್ಸ್ ತೂಕ.

ಮನೆಯಲ್ಲಿ ಹೆಂಡತಿ ನೋಡಿ ಒಂದೇ ಮಾತು ಅಂದಳು: "ಏನ್ರೀ, ಯೂನಿಫಾರ್ಮ್ ಹೊಲಿಸೋ ಹಾಗೆ ಬ್ಯಾಟ್ ತಂದಿದ್ದೀರಾ?"

ಮಾತು ಸರಿಯಾಗೇ ತಗುಲಿತು. ಜೂನ್‌ನಲ್ಲಿ ನಮ್ಮಮ್ಮ ದರ್ಜಿಗೆ "ಬೆಳೆಯೋ ಹುಡುಗ, ಒಳಗೆ ಎರಡಿಂಚು ಬಟ್ಟೆ ಬಿಡಪ್ಪ" ಅನ್ನುತ್ತಿದ್ದಳಲ್ಲ, ಕ್ಯಾನ್ವಾಸ್ ಶೂ ಎರಡು ನಂಬರ್ ದೊಡ್ಡದು ತಂದು ಮುಂದೆ ಕಾಗದ ತುರುಕುತ್ತಿದ್ದರಲ್ಲ, ಅದೇ ಲೆಕ್ಕದಲ್ಲಿ ಮೂರು ವರ್ಷ ಬರಲಿ ಅಂತ ದೊಡ್ಡದನ್ನೇ ತಂದಿದ್ದೆ. ತೂಕದ ಬಗ್ಗೆಯೂ ನನ್ನದು ಕ್ರಿಕೆಟ್ ಲೆಕ್ಕ. 21 ಔನ್ಸ್ ಅಂದರೆ 600 ಗ್ರಾಂ ಕೂಡ ಇಲ್ಲ. ನನ್ನ ಕ್ರಿಕೆಟ್ ಬ್ಯಾಟು ಒಂದು ಕಿಲೋ ಮೇಲಿದೆ. ಇದೇನು ಮಹಾ, ಹತ್ತಿಯ ಹಾಗಿದೆ ಅಂದುಕೊಂಡೆ.

ಅಲ್ಲೇ ಎಡವಿದ್ದು. ಕ್ರಿಕೆಟ್ ಬ್ಯಾಟು ಕೈಯಿಂದ ಕೆಳಕ್ಕೆ ತೂಗುತ್ತದೆ, ಅದರ ಭಾರವೇ ಅದನ್ನು ಚೆಂಡಿನ ಕಡೆಗೆ ಎಳೆಯುತ್ತದೆ. ಬೇಸ್‌ಬಾಲ್ ಬ್ಯಾಟನ್ನು ಹೆಗಲ ಮೇಲಕ್ಕೆ ಎತ್ತಿ ಹಿಡಿದು ಕಾಯಬೇಕು, ಆಮೇಲೆ ಅಡ್ಡಕ್ಕೆ ಬೀಸಬೇಕು. ಭಾರವೆಲ್ಲ ಕೈಯಿಂದ ದೂರ, ತುದಿಯಲ್ಲಿ. ಈ ವಯಸ್ಸಿನವರಿಗೆ ಚೆಂಡು ಎಸೆಯುವ ಪಿಚರ್ ನಿಲ್ಲುವುದು 46 ಅಡಿ ದೂರದಲ್ಲಿ. ಚೆಂಡು ಬರಲು ಮುಕ್ಕಾಲು ಸೆಕೆಂಡೂ ಬೇಡ. ನೋಡಿ, ಹೊಡೀಬೇಕು ಅಂತ ತೀರ್ಮಾನಿಸಿ, ತನ್ನ ಕೈಗಿಂತ ಉದ್ದದ ಕೋಲನ್ನು ತಿರುಗಿಸುವಷ್ಟರಲ್ಲಿ ಚೆಂಡು ಕ್ಯಾಚರ್ ಕೈಯಲ್ಲಿ ಕೂತಿರುತ್ತದೆ. ಮೊದಲ ಎರಡು ಪ್ರಾಕ್ಟೀಸಿನಲ್ಲಿ ನನ್ನ ಮಗನಿಗೆ ಆಗಿದ್ದು ಅದೇ. "ಅಭ್ಯಾಸ ಆಗುತ್ತೆ ಮರಿ, ಜೋರಾಗಿ ಬೀಸು" ಅಂದೆ. ಅವನು ಪಾಪ, ಜೋರಾಗಿ ಬೀಸಲು ಇಡೀ ಮೈಯನ್ನೇ ತಿರುಚಿ, ಬಲ ಮೊಣಕೈ ಕೆಳಕ್ಕೆ ಇಳಿಸಿ, ಬಾವಿಯಿಂದ ಕೊಡ ಎಳೆಯುವ ಹಾಗೆ ಬ್ಯಾಟು ಎಳೆಯತೊಡಗಿದ. ಆ ಚಾಳಿ ಬಿಡಿಸಲು ಆಮೇಲೆ ಕೋಚ್‌ಗೆ ಎರಡು ತಿಂಗಳು ಬೇಕಾಯಿತು.

ನನ್ನ ಇನ್ನೊಂದು ಜಾಣತನವನ್ನೂ ಹೇಳಿಬಿಡುತ್ತೇನೆ. ಕಾಂಪೊಸಿಟ್ ಬ್ಯಾಟನ್ನು ಮೊದಲು ಹದ ಮಾಡಬೇಕು ಅಂತ ಎಲ್ಲೋ ಓದಿದ್ದೆ. ಅದು ನಿಜವೇ. ಒಳಗಿನ ನಾರು ಸಡಿಲವಾಗಲು ನೂರೈವತ್ತು, ಇನ್ನೂರು ಹೊಡೆತ ಬೇಕು, ಪ್ರತಿ ಹೊಡೆತಕ್ಕೂ ಬ್ಯಾಟನ್ನು ಸ್ವಲ್ಪ ಸ್ವಲ್ಪ ತಿರುಗಿಸುತ್ತಿರಬೇಕು. ನನಗೆ ತಕ್ಷಣ ನೆನಪಾಗಿದ್ದು ಕ್ರಿಕೆಟ್ ಬ್ಯಾಟಿಗೆ ಅಗಸೆ ಎಣ್ಣೆ ಸವರಿ, ಮರದ ಸುತ್ತಿಗೆಯಲ್ಲಿ ದಿನವೂ ಬಡಿಯುತ್ತಿದ್ದ ಕಾಲ. ಇದು ಒಂದು ಸೀಸನ್ ಆಡಿದ ಬ್ಯಾಟು, ಹದವಾಗಿಯೇ ಇರಬೇಕು ಅನ್ನುವಷ್ಟೂ ಹೊಳೆಯಲಿಲ್ಲ. ಮಾರ್ಚ್ ಕೊನೆ, ಸಂಜೆ, ಹೊರಗೆ 40 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ನಮ್ಮ ಲೆಕ್ಕದಲ್ಲಿ 4 ಡಿಗ್ರಿ ಚಳಿ. ಬಯಲಿನ ಬ್ಯಾಟಿಂಗ್ ಕೇಜಿಗೆ ಕರೆದುಕೊಂಡು ಹೋಗಿ ಯಂತ್ರ ಎಸೆಯುವ ಚೆಂಡಿಗೆ ಇನ್ನೂರು ಸಲ ಹೊಡೆಸಿದೆ.

ಅಲ್ಲಿಯ ಚೆಂಡು ನಿಜವಾದ ಬೇಸ್‌ಬಾಲ್ ಅಲ್ಲ. ಹಳದಿ ಬಣ್ಣದ, ಮೈಯೆಲ್ಲ ಚುಕ್ಕಿ ಕುಳಿಯಿರುವ ಗಟ್ಟಿ ರಬ್ಬರ್. ಅದು ಕಾಂಪೊಸಿಟ್ ಬ್ಯಾಟಿಗೆ ಶನಿ. ಚಳಿಯೂ ಹಾಗೆಯೇ. 60 ಡಿಗ್ರಿ ಫ್ಯಾರನ್‌ಹೀಟಿಗಿಂತ ಕೆಳಗಿದ್ದರೆ ಕಾಂಪೊಸಿಟ್ ಮುಟ್ಟಬೇಡಿ ಅಂತ ತಯಾರಕರೇ ಹೇಳುತ್ತಾರೆ, ಬಿರುಕು ಬಿಡುತ್ತದೆ. ನಾನು ಎರಡನ್ನೂ ಒಟ್ಟಿಗೆ ಮಾಡಿದ್ದೆ. ಕೊನೆಕೊನೆಗೆ ಬ್ಯಾಟಿನ ಸದ್ದೇ ಬದಲಾಗಿತ್ತು. ಮೊದಲು ತುಂಬಿದ ಕೊಡಕ್ಕೆ ತಟ್ಟಿದ ಹಾಗೆ ಇದ್ದದ್ದು, ಆಮೇಲೆ ಒಡೆದ ಮಡಕೆಗೆ ತಟ್ಟಿದ ಹಾಗೆ. ಹದ ಬಂತು ಅಂತ ಖುಷಿಪಟ್ಟೆ!

ಇನ್ನು ಮ್ಯಾಚಿನ ದಿನ. ಯುಗಾದಿ ಕಳೆದ ಮೇಲಿನ ಶನಿವಾರ, ಸೀಸನ್ನಿನ ಮೊದಲ ಆಟ. ಪಾರ್ಕಿಂಗ್ ಸಿಗದೆ ಹತ್ತು ನಿಮಿಷ ತಡವಾಯಿತು. ಆಟದ ಮುಂಚೆ ಅಂಪೈರ್ ಎರಡೂ ತಂಡದ ಬ್ಯಾಟುಗಳನ್ನು ಸಾಲಾಗಿ ನಿಲ್ಲಿಸಿ ನೋಡಿ ಮುಗಿಸಿದ್ದ. ನಮ್ಮದು ಆಮೇಲೆ ಹೋಗಿ ಬೇಲಿಗೆ ನೇತುಬಿತ್ತು. ಮೂರನೇ ಇನಿಂಗ್ಸ್‌ನಲ್ಲಿ ಮಗನ ಸರದಿ. ಎರಡು ಸಲ ಗಾಳಿಗೆ ಬೀಸಿದ. ಮೂರನೆಯದು ಅದು ಹೇಗೆ ತಗುಲಿತೋ, ಚೆಂಡು ಶಾರ್ಟ್‌ಸ್ಟಾಪ್ ಜಾಗದ ಫೀಲ್ಡರ್ ತಲೆ ಮೇಲಿಂದ ಹಾರಿ ಹುಲ್ಲಿನಲ್ಲಿ ಉರುಳುತ್ತ ಹೋಯಿತು. ಒಬ್ಬ ಹೋಮ್ ಪ್ಲೇಟ್ ಮುಟ್ಟಿ ರನ್ ತಂದ, ನನ್ನ ಮಗ ಎರಡನೇ ಬೇಸಿನ ಮೇಲೆ. ಅವನ ಜೀವನದ ಮೊದಲ ಡಬಲ್. ನಾನು ಬೇಲಿ ಹಿಡಿದು ಕೂಗುತ್ತಿದ್ದೆ.

ಎದುರು ತಂಡದ ಮ್ಯಾನೇಜರ್ ನಿಧಾನವಾಗಿ ಎದ್ದು ಬಂದ. ನೆಲದಲ್ಲಿ ಬಿದ್ದಿದ್ದ ಬ್ಯಾಟನ್ನು ತೋರಿಸಿ ಅಂಪೈರ್ ಹತ್ತಿರ ಏನೋ ಅಂದ. ಅಂಪೈರ್ ಬ್ಯಾಟು ಎತ್ತಿ, ಕನ್ನಡಕ ಹಣೆಗೇರಿಸಿ, ಕುತ್ತಿಗೆಯ ಭಾಗವನ್ನು ಹೆಬ್ಬೆರಳಿನಲ್ಲಿ ಉಜ್ಜುತ್ತ ಒಂದು ಸುತ್ತು ತಿರುಗಿಸಿದ. ಮತ್ತೆ ಇನ್ನೊಂದು ಸುತ್ತು. ಅಲ್ಲಿ ಹೆಬ್ಬೆಟ್ಟಿನ ಗುರುತಿನಂಥ ಒಂದು ಸಣ್ಣ ಮುದ್ರೆ ಇತ್ತು: ಯುಎಸ್‌ಎಸ್‌ಎಸ್‌ಎ ಅನ್ನುವ ಇನ್ನೊಂದು ಸಂಸ್ಥೆಯದು, ಬಿಪಿಎಫ್ (ಚೆಂಡು ಎಷ್ಟು ಪುಟಿಯುತ್ತದೆ ಅನ್ನುವ ಅಂಕ) 1.15. ಅವನಿಗೆ ಬೇಕಾಗಿದ್ದದ್ದು ಯುಎಸ್‌ಎ ಬೇಸ್‌ಬಾಲ್ ಮುದ್ರೆ. ಅದು ಇರಲಿಲ್ಲ. ಹೊಡೆತ ರದ್ದು. ಓಡಿದವರು ಹಿಂದಕ್ಕೆ. ನನ್ನ ಮಗ ಔಟ್. ಅಷ್ಟೇ ಅಲ್ಲ, ನಿಯಮದ ಪ್ರಕಾರ ನಮ್ಮ ತಂಡ ಆ ಆಟ ಮುಗಿಯುವವರೆಗೆ ಬೇಸಿನ ಪಕ್ಕ ನಿಂತು ಓಡುವವರಿಗೆ ಹೇಳಿಕೊಡುವ ಒಬ್ಬ ವಯಸ್ಕ ಬೇಸ್ ಕೋಚನ್ನು ಕಳೆದುಕೊಳ್ಳಬೇಕು. ಪಾಪದ ಮನುಷ್ಯ, ಅವರದೇನೂ ತಪ್ಪಿಲ್ಲ, ಮೊದಲ ಬೇಸಿನ ಪಕ್ಕದಿಂದ ತಲೆ ತಗ್ಗಿಸಿ ಡಗೌಟಿಗೆ ನಡೆದರು. ಎರಡನೇ ಬೇಸಿನ ಮೇಲಿದ್ದ ಹುಡುಗನಿಗೆ ಏನಾಗುತ್ತಿದೆ ಅಂತಲೇ ಅರ್ಥವಾಗಲಿಲ್ಲ. ಯಾರೋ ಕೈ ಬೀಸಿ ಕರೆದಾಗ ಇನ್ನೂ ನಗುತ್ತಲೇ ಓಡಿ ಬಂದ. ಡಗೌಟಿನ ಹತ್ತಿರ ಬಂದಮೇಲೆ ಗೊತ್ತಾಯಿತು. ಕಾರಿನಲ್ಲಿ ಕೇಳಿದ, "ಅಪ್ಪ, ನಾನು ಮೋಸ ಮಾಡಿದ್ನಾ?"

ಆ ವಾರ ಕೂತು ಸರಿಯಾಗಿ ಓದಿದೆ. ವಿಷಯ ಇಷ್ಟು. ಲಿಟಲ್ ಲೀಗಿನ ಮೈನರ್ ಮತ್ತು ಮೇಜರ್ ವಿಭಾಗಗಳಲ್ಲಿ 2018ರ ಜನವರಿ 1ರಿಂದ ಯುಎಸ್‌ಎ ಬೇಸ್‌ಬಾಲ್ ಮುದ್ರೆಯ ಬ್ಯಾಟು ಮಾತ್ರ ನಡೆಯುತ್ತದೆ. ಬ್ಯಾರೆಲಿನ, ಅಂದರೆ ಚೆಂಡಿಗೆ ಹೊಡೆಯುವ ಭಾಗದ ದಪ್ಪ 2 5/8 ಇಂಚು, ಉದ್ದ 33 ಇಂಚು ದಾಟಬಾರದು. ಈ ಬ್ಯಾಟುಗಳಲ್ಲಿ ಚೆಂಡು ಹೆಚ್ಚುಕಡಿಮೆ ಮರದ ಬ್ಯಾಟಿನಷ್ಟೇ ಪುಟಿಯಬೇಕು ಅನ್ನುವುದು ಉದ್ದೇಶ. ಯುಎಸ್‌ಎಸ್‌ಎಸ್‌ಎ ಮುದ್ರೆಯವು ಹೆಚ್ಚು ಪುಟಿಯುತ್ತವೆ, ಬ್ಯಾರೆಲ್ 2 3/4 ಇಂಚಿನವರೆಗೂ ಇರುತ್ತದೆ. ಅವು ತಂಡಗಳು ಊರೂರಿಗೆ ಹೋಗಿ ಆಡುವ ಟ್ರಾವೆಲ್ ಬಾಲ್ ಪಂದ್ಯಾವಳಿಗಳಿಗೆ. ಅಲ್ಲಿ ನನ್ನ ಬ್ಯಾಟು ನ್ಯಾಯವಾದದ್ದೇ, ನಮ್ಮ ಮೈದಾನದಲ್ಲಿ ಕಳ್ಳ ಮಾಲು. ಇದರಿಂದಾಗಿ "ಎಲ್ಲ ಲೀಗಿಗೂ ನಡೆಯುತ್ತೆ" ಅನ್ನುವವನನ್ನು ನಂಬಬೇಡಿ. ಇಡೀ ಒಂದೇ ಮರದಿಂದ ಕಡೆದ ಬ್ಯಾಟಿಗೆ ಮಾತ್ರ ಲಿಟಲ್ ಲೀಗಿನಲ್ಲಿ ಈ ಮುದ್ರೆ ಬೇಕಿಲ್ಲ.

ಯುಎಸ್‌ಎ ಅನ್ನುವ ಮೂರಕ್ಷರಕ್ಕೂ ಮೋಸಹೋಗಬೇಡಿ. "ಮೇಡ್ ಇನ್ ಯುಎಸ್‌ಎ" ಅಂತ ಬರೆದಿದ್ದರೆ ಅದು ತಯಾರಾದ ಊರಷ್ಟೇ. "ಯುಎಸ್‌ಎ ಸಾಫ್ಟ್‌ಬಾಲ್" ಅಂತಿದ್ದರೆ ಅದು ಬೇರೆಯೇ ಆಟದ ಬ್ಯಾಟು. ಅಕ್ಕ ಸಾಫ್ಟ್‌ಬಾಲ್ ಆಡಿದ ಬ್ಯಾಟು ತಮ್ಮನಿಗೆ ಬರುತ್ತದೆ ಅಂತ ಇಟ್ಟುಕೊಂಡ ಮನೆಗಳನ್ನು ನಾನು ಬಲ್ಲೆ. ನೆಂಟರ ಮನೆಯಿಂದ ಬಂದ 2018ಕ್ಕಿಂತ ಹಳೆಯ ಬ್ಯಾಟುಗಳ ಕಥೆಯೂ ಇದೇ. ಮುದ್ರೆ ಇದ್ದು ಆಮೇಲೆ ಮಾನ್ಯತೆ ಕಳೆದುಕೊಂಡ ಮಾದರಿಯೂ ಉಂಟು, ಆದ್ದರಿಂದ ಯುಎಸ್‌ಎ ಬೇಸ್‌ಬಾಲ್ ಸಂಸ್ಥೆಯ ಪಟ್ಟಿಯಲ್ಲಿ ಹೆಸರು, ಅಳತೆ ಒಮ್ಮೆ ನೋಡಿಬಿಡಿ. ಹೈಸ್ಕೂಲಿಗೆ ಹೋದರೆ ಮತ್ತೆ ಬೇರೆ, ಬಿಬಿಕೋರ್ ಮುದ್ರೆ ಬೇಕು, ಅಲ್ಲಿ ಡ್ರಾಪ್ 3ಕ್ಕಿಂತ ಹಗುರ ನಡೆಯುವುದಿಲ್ಲ. ಡ್ರಾಪ್ ಅಂದರೆ ಬ್ರಹ್ಮವಿದ್ಯೆಯೇನಲ್ಲ, ಇಂಚಿನ ಲೆಕ್ಕಕ್ಕಿಂತ ಔನ್ಸಿನ ಲೆಕ್ಕ ಎಷ್ಟು ಕಡಿಮೆ ಅಂತ. 31 ಇಂಚು, 21 ಔನ್ಸ್, ಡ್ರಾಪ್ 10.

ಇಷ್ಟೊಂದು ಕಟ್ಟುನಿಟ್ಟು ಮಕ್ಕಳಾಟಕ್ಕೆ ಯಾಕೆ ಅಂತ ಮೊದಲು ನಾನೂ ಗೊಣಗಿದ್ದೆ. 2006ರಲ್ಲಿ ನಮ್ಮ ಇದೇ ನ್ಯೂಜೆರ್ಸಿಯಲ್ಲಿ ಲೋಹದ ಬ್ಯಾಟಿನಿಂದ ಸಿಡಿದ ಚೆಂಡು 12 ವರ್ಷದ ಪಿಚರ್ ಹುಡುಗನೊಬ್ಬನ ಎದೆಗೆ ಬಡಿದು, ಹೃದಯ ನಿಂತು, ಮೆದುಳಿಗೆ ಜೀವನವಿಡೀ ಉಳಿಯುವ ಪೆಟ್ಟಾಯಿತು. ಮೊಕದ್ದಮೆ 2012ರಲ್ಲಿ 1.45 ಕೋಟಿ ಡಾಲರಿಗೆ ರಾಜಿಯಾಯಿತು. ಅದನ್ನು ಓದಿದ ಮೇಲೆ ಆ ಮ್ಯಾನೇಜರ್ ಮೇಲಿದ್ದ ಸಿಟ್ಟು ಇಳಿಯಿತು. ಅವತ್ತು ಅವನ ತಂಡದ ಪಿಚರೂ ಒಂಬತ್ತು ವರ್ಷದವನೇ.

ಹಣದ ಕಥೆ ಬೇಗ ಮುಗಿಯುತ್ತದೆ. ಮಾರಿದವನಿಗೆ ಸಂದೇಶ ಕಳಿಸಿದೆ, "ಕೊಟ್ಟ ಮೇಲೆ ಮುಗೀತು" ಅಂದು ಬ್ಲಾಕ್ ಮಾಡಿದ. ಬ್ಯಾಟು ಅಲ್ಲಾಡಿಸಿದರೆ ಒಳಗೆ ಏನೋ ಗಿಲಿಗಿಲಿ ಅನ್ನುತ್ತಿತ್ತು. ಬೆಳಕಿಗೆ ಹಿಡಿದರೆ ಬ್ಯಾರೆಲಿನ ಮೇಲೆ ಜೇಡರ ಬಲೆಯಂಥ ಸಣ್ಣ ಗೀರುಗಳು. ಬಿರುಕು ಮೊದಲೇ ಇತ್ತೋ, ನನ್ನ ಕೇಜಿನ ಘನಕಾರ್ಯದಿಂದ ಬಂತೋ, ಹೇಳುವವರು ಯಾರು? ತಯಾರಕರ ಒಂದು ವರ್ಷದ ವಾರಂಟಿ ಮೊದಲು ಕೊಂಡವರಿಗೆ ಮಾತ್ರ, ಅದೂ ರಸೀದಿ ಇದ್ದರೆ. ನನ್ನ ಹತ್ತಿರ ಪೆಟ್ರೋಲ್ ಬಂಕಿನ ನೆನಪು ಬಿಟ್ಟರೆ ಏನೂ ಇರಲಿಲ್ಲ. ಮಗನ ಜೊತೆಯವನ ಅಪ್ಪ ಇನ್ನೊಂದು ಮಾತು ಹೇಳಿದರು: ಕೆಲವರು ಹೆಚ್ಚು ಪುಟಿಯಲಿ ಅಂತ ಬ್ಯಾಟನ್ನು ರೋಲರ್ ನಡುವೆ ಒತ್ತಿಸುತ್ತಾರೆ, ಒಳಗಿಂದ ಕೆರೆಸಿ ತೆಳ್ಳಗೆ ಮಾಡಿಸುತ್ತಾರೆ. ಎರಡೂ ನಿಷಿದ್ಧ, ಎರಡರಿಂದಲೂ ಬ್ಯಾಟು ಬೇಗ ಸಾಯುತ್ತದೆ, ಹೊರಗಿನಿಂದ ನೋಡಿದರೆ ತಿಳಿಯುವುದೂ ಕಷ್ಟ. ಕಾಂಪೊಸಿಟ್ ಬ್ಯಾಟನ್ನು ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವುದೇ ಬೇಡ ಅನ್ನುವುದು ನನ್ನ ಖಂಡಿತ ಅಭಿಪ್ರಾಯ. ಅಲಾಯ್, ಅಂದರೆ ಲೋಹದ್ದು ಆದರೆ ಪರವಾಗಿಲ್ಲ, ತಗ್ಗು ಬಿದ್ದಿದ್ದರೆ ಕಣ್ಣಿಗೆ ಕಾಣುತ್ತದೆ.

ಕೊನೆಗೆ ಕೋಚ್ ಹತ್ತಿರವೇ ಹೋಗಿ ತಪ್ಪಾಯಿತು ಅಂದೆ. ಅವರು ತಂಡದ ಚೀಲದಿಂದ ಮೂರು ಬ್ಯಾಟು ತೆಗೆದು ಮಗನಿಗೆ ಒಂದೊಂದಾಗಿ ಕೊಟ್ಟರು. "ಒಂದೇ ಕೈಯಲ್ಲಿ ಹಿಡಿ, ಪಕ್ಕಕ್ಕೆ ನೇರ ಚಾಚು, ಇಪ್ಪತ್ತು ಎಣಿಸೋವರೆಗೆ ಇಳಿಸಬೇಡ." 30 ಇಂಚಿನದು ಏಳಕ್ಕೇ ನಡುಗಿತು. 29ರದ್ದು ಹದಿನೈದಕ್ಕೆ ಬಾಗಿತು. 28ರದ್ದು ಇಪ್ಪತ್ತು ದಾಟಿದರೂ ಅಲುಗಲಿಲ್ಲ. ನಾಲ್ಕು ಅಡಿ ಮೂರು ಇಂಚಿನ, 60 ಪೌಂಡಿನ ಹುಡುಗನಿಗೆ ತಯಾರಕರ ಎತ್ತರ-ತೂಕದ ಪಟ್ಟಿಯೂ ಅದನ್ನೇ ಹೇಳುತ್ತಿತ್ತು. ನಾನು ಆ ಪಟ್ಟಿಯನ್ನು ಅಂಗಡಿಯ ಗೋಡೆಯ ಮೇಲೆ ನೋಡಿಯೂ ಇದ್ದೆ. 28 ಇಂಚು, 18 ಔನ್ಸಿನ ಒಂದೇ ತುಂಡಿನ ಅಲಾಯ್ ಬ್ಯಾಟು ತಂದೆವು, 55 ಡಾಲರ್. ಕುತ್ತಿಗೆಯ ಮೇಲೆ ಮುದ್ರೆ ಇದೆಯಾ ಅಂತ ಅಂಗಡಿಯಲ್ಲಿ ಮಗನೇ ಮೂರು ಸಲ ತಿರುಗಿಸಿ ನೋಡಿದ. ಹದ ಮಾಡುವ ಗೋಜಿಲ್ಲ, ಚಳಿಗೂ ಹೆದರುವುದಿಲ್ಲ.

ಗುಂಪಿನಲ್ಲಿ ಕೇಳಿದವರಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳಿದೆ. ಅವರು ಒಂದು ಲಿಂಕ್ ಕಳಿಸಿ, "ಸರ್, ಇದು ನೋಡಿ, ಹೊರಗಡೆ ಒಳ್ಳೇ ಬೆಲೆಗೆ ಸಿಗ್ತಿದೆ" ಅಂದರು. ಬೇರೆ ಹೆಸರಿನ ಖಾತೆ, ಬೇರೆ ಬಣ್ಣದ ಬ್ಯಾಟು, 160 ಡಾಲರ್, "ಎಲ್ಲ ಲೀಗಿಗೂ ನಡೆಯುತ್ತೆ". ಫೋಟೋದಲ್ಲಿ ಒಂದು ಮುಷ್ಟಿ, ಸರಿಯಾಗಿ ಕುತ್ತಿಗೆಯ ಮೇಲೆ.