ಅಲುಗದ ನೀರಿನ ಚಿತ್ರಕ್ಕೆ ಕ್ರಿಟಾ: ಬರೆಯುವುದು ಸಲೀಸು, ಹಂಚುವಾಗ ಎಚ್ಚರ

ಬೆಳಗಿನ ತುಂಗಭದ್ರೆ, ಮೇಲೊಂದು ಹರಿಗೋಲು, ಹಿಂದೆ ಹಂಪಿಯ ಬಂಡೆಗಳು. ಇಂಥ ಶಾಂತ ನೀರಿನ ಚಿತ್ರ ಡಿಜಿಟಲ್‌ನಲ್ಲಿ ಎರಡು ಕಡೆ ಕೈಕೊಡುತ್ತದೆ: ಪ್ರತಿಬಿಂಬ ತಂದು ಅಂಟಿಸಿದ ಹಾಗೆ ಕಾಣುತ್ತದೆ, ಹಂಚಿದ ಮೇಲೆ ಆಕಾಶ ಪಟ್ಟೆಪಟ್ಟೆಯಾಗುತ್ತದೆ. ಚಿತ್ರ ಬರೆಯುವ ತಂತ್ರಾಂಶ ಕ್ರಿಟಾ ಈ ಎರಡನ್ನೂ ಹೇಗೆ ನಿಭಾಯಿಸುತ್ತದೆ ಅನ್ನುವುದಷ್ಟೇ ಇಲ್ಲಿನ ವಿಷಯ.

ಇದು ಕೆಡಿಇ ಅನ್ನುವ ತಂತ್ರಾಂಶಕಾರರ ಬಳಗದ ಮುಕ್ತ ತಂತ್ರಾಂಶ. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಓಡುತ್ತದೆ. ಅಧಿಕೃತ ತಾಣದಿಂದ ಇಳಿಸಿಕೊಂಡರೆ ಬಿಡಿಗಾಸು ಬೇಡ. ಸ್ಟೀಮ್ ಅನ್ನುವ ಆನ್‌ಲೈನ್ ಅಂಗಡಿಯಲ್ಲಿ ದುಡ್ಡು ಕೊಟ್ಟು ಕೊಳ್ಳುವುದೂ ಇದನ್ನೇ.

ಇದರ ನಿಜವಾದ ಬಂಡವಾಳ ಕ್ಲೋನ್ ಲೇಯರ್, ಅಂದರೆ ಮೂಲ ಪದರ (ಲೇಯರ್) ಬದಲಾದಂತೆ ತಾನೂ ಬದಲಾಗುವ ಅದರ ನಕಲು. ದಡ, ಬಂಡೆಗಳನ್ನು ಒಂದು ಗ್ರೂಪ್‌ನಲ್ಲಿಡಿ. ಅದನ್ನು ಆರಿಸಿ, ಲೇಯರ್ ಸೇರಿಸುವ ಗುಂಡಿಯ ಪಕ್ಕದ ಬಾಣದಿಂದ ಕ್ಲೋನ್ ಲೇಯರ್ ತನ್ನಿ. ಅದಕ್ಕೆ, ಮೂಲ ಕೆಡಿಸದೆ ಅಳತೆ-ದಿಕ್ಕು ಬದಲಿಸುವ ಒಂದು ಟ್ರಾನ್ಸ್‌ಫಾರ್ಮ್ ಮಾಸ್ಕ್ ಹಾಕಿ, ಕಂಟ್ರೋಲ್-ಟಿ ಒತ್ತಿ, ಎತ್ತರಕ್ಕೆ ಮೈನಸ್ 100% ಕೊಟ್ಟು ನೀರಿನ ಅಂಚಿಗೆ ಇಳಿಸಿ. ಅಗಲ-ಎತ್ತರದ ನಡುವಿನ ಕೊಂಡಿ ಮೊದಲೇ ಬಿಚ್ಚಿರಬೇಕು, ಇಲ್ಲದಿದ್ದರೆ ಚಿತ್ರ ಎಡಬಲಕ್ಕೂ ತಿರುಗಿಬಿಡುತ್ತದೆ. ಇಷ್ಟಾದ ಮೇಲೆ ಮೇಲಿನ ಬಂಡೆಗೆ ಒಂದು ಗೀಟು ಎಳೆದರೂ ನೀರಿನಲ್ಲಿ ಅದು ತಾನಾಗಿ ಮೂಡುತ್ತದೆ. ಪ್ರತಿ ತಿದ್ದುಪಡಿಗೂ ನಕಲು ಮಾಡಿ ತಿರುಗಿಸುವ ಗೋಳು ಇರುವುದಿಲ್ಲ.

ಬಣ್ಣದ ವಿಚಾರಕ್ಕೆ, ಕ್ಲೋನ್ ಮೇಲೊಂದು ಕಪ್ಪು-ಬಿಳುಪಿನ ಮಟ್ಟ ತಿದ್ದುವ ಲೆವೆಲ್ಸ್ ಫಿಲ್ಟರ್ ಮಾಸ್ಕ್ ಬೇಕು. ನೀರಿನಲ್ಲಿ ಕಪ್ಪು ತುಸು ತಿಳಿಯಾಗಿ, ಬಿಳಿ ತುಸು ಮಂಕಾಗಿ ಕಾಣುತ್ತದೆ. ಔಟ್‌ಪುಟ್‌ನಲ್ಲಿ (0-255ರ ಅಳತೆಯಲ್ಲಿ) ಕಪ್ಪನ್ನು 25ಕ್ಕೆ ಏರಿಸಿ, ಬಿಳಿಯನ್ನು 225ಕ್ಕೆ ಇಳಿಸಿದರೆ ಶುರುಮಾಡಲು ಸಾಕು. ದೂರದ ನೀರು ಚೆನ್ನಾಗಿ ಪ್ರತಿಫಲಿಸುತ್ತದೆ, ಕಾಲಬುಡದ ನೀರಿನಲ್ಲಿ ತಳ ಕಾಣುತ್ತದೆ. ಹಾಗಾಗಿ ಪದರದ ಭಾಗಗಳನ್ನು ಪಾರದರ್ಶಕ ಮಾಡುವ ಟ್ರಾನ್ಸ್‌ಪರೆನ್ಸಿ ಮಾಸ್ಕ್‌ನಲ್ಲಿ ಬಿಳಿಯಿಂದ ಕಪ್ಪಿಗೆ ಮೆಲ್ಲಗೆ ಹೊರಳುವ ಒಂದು ಗ್ರೇಡಿಯಂಟ್ ಎಳೆದು ಕೆಳಗಿನ ಪ್ರತಿಬಿಂಬವನ್ನು ಕರಗಿಸಿ.

ಆದರೆ ಯಂತ್ರ ತಿರುಗಿಸಿದ್ದೇ ಪ್ರತಿಬಿಂಬ ಅಂತ ನಂಬಿ ಕೂರಬಾರದು. ನೀರು ತೋರಿಸುವುದು ಕೆಳಗಿನಿಂದ ನೋಡಿದರೆ ಕಾಣುವ ನೋಟ. ಹರಿಗೋಲಿನ ಒಳಬದಿ ನಮಗೆ ಕಂಡರೂ ನೀರಿನಲ್ಲಿ ಕಾಣಬಾರದು, ಹೊರಮೈಯ ಬುಡವೇ ಹೆಚ್ಚು ಕಾಣಬೇಕು. ದಡದಿಂದ ಹಿಂದಕ್ಕಿರುವ ಗುಡ್ಡದ ಬುಡ ದಡದ ಮರೆಗೆ ಹೋಗಿ, ಅದರ ಬಿಂಬ ಗಿಡ್ಡವಾಗುತ್ತದೆ. ಇವೆರಡನ್ನು ಕ್ಲೋನ್ ಮಾಡದೆ ಕೈಯಲ್ಲೇ ಬರೆಯಿರಿ. ಹೆಚ್ಚಿನ ಚಿತ್ರಗಳು ಸುಳ್ಳು ಹೇಳಿದಂತೆ ಕಾಣುವುದು ಇಲ್ಲೇ.

ಅಲೆಗೆಂದು ವೇವ್ ಫಿಲ್ಟರ್ ಇದೆ, ಈ ಕೆಲಸಕ್ಕೆ ಅದು ಬೇಡ. ಹತ್ತಿರಕ್ಕೂ ದೂರಕ್ಕೂ ಒಂದೇ ಅಳತೆಯ ಅಲೆ ಹಾಕಿ ನೀರನ್ನು ಮಡಿಕೆಬಿದ್ದ ಪರದೆಯ ಹಾಗೆ ಮಾಡುತ್ತದೆ. ಮೋಷನ್ ಬ್ಲರ್ ಅನ್ನು 90 ಡಿಗ್ರಿಯಲ್ಲಿ 10-15 ಪಿಕ್ಸೆಲ್ ಹಾಕಿ ಬಿಂಬವನ್ನು ಉದ್ದುದ್ದ ಎಳೆದು, ಅದರ ಮೇಲೆ ಕೆಲವೇ ಅಡ್ಡಗೆರೆ ಬರೆದರೆ ಸಾಕು. ದೂರದಲ್ಲಿ ಒತ್ತೊತ್ತಾಗಿ, ಹತ್ತಿರದಲ್ಲಿ ಬಿಡಿಬಿಡಿಯಾಗಿ.

ಇನ್ನು ಪಟ್ಟೆಯ ಕಾಟ. 8-ಬಿಟ್ ಫೈಲಿನಲ್ಲಿ ಕೆಂಪು, ಹಸಿರು, ನೀಲಿ ಒಂದೊಂದಕ್ಕೂ ಇರುವುದು 256 ಮೆಟ್ಟಿಲು. ಮಂಜಿನ ಆಕಾಶ 1200 ಪಿಕ್ಸೆಲ್ ಉದ್ದಕ್ಕೆ ಬರೀ 30 ಮೆಟ್ಟಿಲು ಇಳಿದರೆ ಒಂದೊಂದು ಪಟ್ಟೆ 40 ಪಿಕ್ಸೆಲ್ ಅಗಲ, ಅಂದರೆ ಕಣ್ಣಿಗೆ ಹೊಡೆಯುತ್ತದೆ. ಕ್ರಿಟಾದಲ್ಲಿ ಹೊಸ ಫೈಲ್ ತೆರೆಯುವಾಗಲೇ ಹೆಚ್ಚು ಮೆಟ್ಟಿಲಿರುವ 16-ಬಿಟ್ ಇಂಟೀಜರ್ ಆರಿಸಬಹುದು. ಬೆಲೆ ತೆರುವುದು ಮೆಮೊರಿಯಲ್ಲಿ: ಎ4 ಅಳತೆ, 300 ಪಿಪಿಐ (ಇಂಚಿಗೆ 300 ಪಿಕ್ಸೆಲ್), ಅಂದರೆ 2480×3508 ಪಿಕ್ಸೆಲ್‌ಗೆ ಪೂರ್ತಿ ತುಂಬಿದ ಒಂದು ಪದರ 8-ಬಿಟ್‌ನಲ್ಲಿ ಸುಮಾರು 35 ಎಂಬಿ, 16-ಬಿಟ್‌ನಲ್ಲಿ 70 ಎಂಬಿ. 4 ಜಿಬಿ ರ್‍ಯಾಮ್‌ನ ಲ್ಯಾಪ್‌ಟಾಪ್ ಇಪ್ಪತ್ತು ಪದರಕ್ಕೆ ಏದುಸಿರು ಬಿಡುತ್ತದೆ.

ಹಂಚುವಾಗ ಕ್ರಮ ತಪ್ಪಿದರೆ ಇಷ್ಟೆಲ್ಲ ಮಾಡಿದ್ದೂ ನೀರಲ್ಲಿ ಹೋಮ. ಕ್ರಿಟಾದ್ದೇ ಆದ ಮೂಲ ಕೆಆರ್‌ಎ ಫೈಲನ್ನು ಹಾಗೇ ಇಟ್ಟು, ನಕಲಿನಲ್ಲಿ ಪದರಗಳನ್ನೆಲ್ಲ ಫ್ಲ್ಯಾಟನ್ ಮಾಡಿ, ಅಂದರೆ ಒಂದಾಗಿಸಿ. ಮೊದಲು ಅಳತೆ ಇಳಿಸಿ. ಇನ್‌ಸ್ಟಾಗ್ರಾಮ್‌ಗೆ 1080×1350 ಸಾಕು. ಆಮೇಲೆ ಪಟ್ಟೆ ಒಡೆಯಲು ಹೊಸ ಪದರಕ್ಕೆ ನಡುಬೂದು ತುಂಬಿ, ರ್‍ಯಾಂಡಮ್ ನಾಯ್ಸ್ (ಚದುರಿದ ಸಣ್ಣ ಚುಕ್ಕೆ) ಹಾಕಿ, ಡಿಸ್ಯಾಚುರೇಟ್ ಮಾಡಿ ಬಣ್ಣ ತೆಗೆದು, ಪದರ ಬೆರೆಯುವ ಬಗೆಯನ್ನು ಓವರ್‌ಲೇಗೆ ಬದಲಿಸಿ ಅಪಾಸಿಟಿಯನ್ನು (ಪದರದ ದಟ್ಟತೆಯನ್ನು) 3-5% ಇಡಿ. ಡಿಸ್ಯಾಚುರೇಟ್ ಮರೆತರೆ ನೀರಿನ ಮೇಲೆ ಕೆಂಪು-ಹಸಿರು ಚುಕ್ಕೆ ಚೆಲ್ಲುತ್ತವೆ. ನಾಯ್ಸ್ ಹಾಕಿದ ಮೇಲೆ ಅಳತೆ ಇಳಿಸಿದರೆ ಚುಕ್ಕೆಗಳು ಒಂದರೊಳಗೊಂದು ಬೆರೆತು ಪಟ್ಟೆ ಮತ್ತೆ ತಲೆಯೆತ್ತುತ್ತದೆ. ಕೊನೆಗೆ, ಪರದೆಗಳಿಗೆ ಸಾಮಾನ್ಯವಾಗಿ ಬಳಸುವ 8-ಬಿಟ್ ಎಸ್‌ಆರ್‌ಜಿಬಿಗೆ ಬದಲಿಸಿ, ಜೆಪೆಗ್ ಗುಣಮಟ್ಟ 90ಕ್ಕಿಂತ ಮೇಲಿಟ್ಟು ಉಳಿಸಿ. ಪಿಎನ್‌ಜಿ ಆದರೂ ಸರಿ, ಆದರೆ ನಾಯ್ಸ್‌ನಿಂದಾಗಿ ಫೈಲ್ ಊದಿಕೊಳ್ಳುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಮತ್ತೆ ಹಿಂಡಿ ನಾಯ್ಸ್ ಅಳಿಸುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ. ಮುದ್ರಣಕ್ಕೆ ಕೊಡುವವರು ಅಚ್ಚಿನ ಬಣ್ಣವನ್ನು ಪರದೆಯಲ್ಲೇ ತೋರಿಸುವ ಸಾಫ್ಟ್ ಪ್ರೂಫಿಂಗ್ ಆನ್ ಮಾಡಿ ಒಮ್ಮೆ ನೋಡಲಿ, ಹೊಳೆಯುವ ನೀಲಿಹಸಿರು ಮುದ್ರಣದ ನಾಲ್ಕು ಶಾಯಿಗಳಲ್ಲಿ (ಸಿಎಂವೈಕೆ) ಮಂಕಾಗುವುದು ಆಗಲೇ ಗೊತ್ತಾಗುತ್ತದೆ.

ದೂರುಗಳೂ ಇವೆ. ಬಣ್ಣ ಉಜ್ಜಿ ಬೆರೆಸುವ ದೊಡ್ಡ ಸ್ಮಜ್ ಬ್ರಷ್ ಗೀಟಿನ ಹಿಂದೆ ಎಳೆದುಕೊಂಡು ಬರುತ್ತದೆ, 16-ಬಿಟ್‌ನಲ್ಲಿ ಇನ್ನೂ ನಿಧಾನ. ಟ್ರಾನ್ಸ್‌ಫಾರ್ಮ್ ಮಾಸ್ಕ್ ಹಾಕಿದ ಕ್ಲೋನ್ ತಕ್ಷಣ ತಾಜಾ ಆಗುವುದಿಲ್ಲ, ಬರೆಯುವಾಗ ಅದನ್ನು ಮರೆಮಾಡಿಟ್ಟು ನಡುನಡುವೆ ತೆರೆದು ನೋಡುವುದು ವಾಸಿ. ಆಂಡ್ರಾಯ್ಡ್ ಟ್ಯಾಬ್‌ಗೂ ಕ್ರಿಟಾ ಸಿಗುತ್ತದೆ, ಆದರೆ ಮೆನುಗಳು ಮೌಸ್ ಹಿಡಿಯುವವರಿಗೆ ಮಾಡಿದ್ದು, ಬೆರಳಿಗಲ್ಲ. ಪೆನ್ ಟ್ಯಾಬ್ಲೆಟ್ ಜೊತೆಗೆ 8 ಜಿಬಿ ಕಂಪ್ಯೂಟರ್ ಇದ್ದರೆ ಬೇರೆ ತಂತ್ರಾಂಶಕ್ಕೆ ದುಡ್ಡು ಸುರಿಯುವ ಮೊದಲು ಇದನ್ನೇ ಹಾಕಿಕೊಳ್ಳಿ. ಬರೀ ಫೋನಿನಲ್ಲಿ ಬರೆಯುವವರಿಗೆ ಇದು ಒಗ್ಗುವುದಿಲ್ಲ.