ಬ್ಲ್ಯಾಕ್‌ಜಾಕ್: ಭಾವನ ಆಟ, ಡೀಲರ್ ಆಟ, ಚಾರ್ಟಿನ ಆಟ

ಶಿವಮೊಗ್ಗ ಕಡೆಯವರಿಗೆ ಇಸ್ಪೀಟು ಹೊಸದಲ್ಲ. ಮಳೆಗಾಲದಲ್ಲಿ ಕರೆಂಟು ಹೋದರೆ ರಮ್ಮಿ ಶುರುವಾಗುತ್ತದೆ. ಬ್ಲ್ಯಾಕ್‌ಜಾಕ್ ಮಾತ್ರ ನಮ್ಮಲ್ಲಿ ಜಾಸ್ತಿ ಜನಕ್ಕೆ ಗೋವಾದಲ್ಲೇ ಪರಿಚಯ. ಅಡಿಕೆ ದುಡ್ಡು ಕೈಗೆ ಬಂತು ಅಂದರೆ ನಾಲ್ಕು ಜನ ಸೇರಿ ಕಾರು ಹತ್ತುತ್ತಾರೆ. ಸಾಗರ, ಹೊನ್ನಾವರ, ಕಾರವಾರ ದಾಟಿದರೆ ಪಣಜಿ, ಅಲ್ಲಿ ಮಾಂಡೋವಿ ನದಿಯಲ್ಲಿ ನಿಂತ ಕ್ಯಾಸಿನೊ ಹಡಗುಗಳು. ನಮ್ಮ ರಾಜ್ಯದಲ್ಲಿ ಕ್ಯಾಸಿನೊ ಇಲ್ಲ. ಮೊಬೈಲಿನಲ್ಲಿ ದುಡ್ಡು ಕಟ್ಟಿ ಆಡಿಸುವುದನ್ನೂ 2025ರ ಕೇಂದ್ರ ಕಾನೂನು ನಿಷೇಧಿಸಿದೆ.

ನಾನೂ ಭಾವನೂ ಹೋಗುವ ಮುಂಚೆ ಮನೆಯಲ್ಲೇ ಹುಣಸೆ ಬೀಜ ಇಟ್ಟುಕೊಂಡು ಮೂರು ಬಗೆಯಲ್ಲಿ ಆಡಿ ನೋಡಿದೆವು. ಆಮೇಲೆ ಹಡಗಿನಲ್ಲೂ ಅವನ್ನೇ ಆಡಿದೆವು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಎಲೆಗಳ ಮೊತ್ತ 21 ದಾಟಬಾರದು, ಡೀಲರ್‌ಗಿಂತ (ಕ್ಯಾಸಿನೊ ಪರವಾಗಿ ಎಲೆ ಹಂಚಿ ಆಡುವವನಿಗಿಂತ) ಜಾಸ್ತಿ ಇರಬೇಕು. ರಾಜ, ರಾಣಿ, ಗುಲಾಮ ಮೂರಕ್ಕೂ 10. ಎಕ್ಕ 1 ಅಥವಾ 11, ನಮಗೆ ಬೇಕಾದ ಹಾಗೆ. ಮೊದಲ ಎರಡೇ ಎಲೆಯಲ್ಲಿ 21 ಬಂದರೆ ಅದು ಬ್ಲ್ಯಾಕ್‌ಜಾಕ್. ನಾವು ಮೊದಲು ಆಡಬೇಕು, 21 ದಾಟಿದರೆ ದುಡ್ಡು ಆಗಲೇ ಹೋಯಿತು. ಆಮೇಲೆ ಡೀಲರ್ ಕೂಡ ದಾಟಿದರೂ ವಾಪಸ್ ಬರಲ್ಲ. ಕ್ಯಾಸಿನೊದ ಲಾಭ ಇರುವುದೇ ಇಲ್ಲಿ.

ಮೊದಲನೆಯದು ಭಾವನ ಆಟ. ಅವರ ಲೆಕ್ಕ ಸರಳ: 12 ಆದಮೇಲೆ ಎಲೆ ಕೇಳುವ ಹಾಗೇ ಇಲ್ಲ. ‘ನಾನಾಗೇ ಯಾಕೆ ಸಾಯಲಿ ಮಾರಾಯ, ಅವನೇ ಸಾಯಲಿ’ ಅನ್ನುತ್ತಾರೆ. ಕೇಳಲು ಚೆನ್ನಾಗಿದೆ. ಡೀಲರ್ ಎದುರು ತೆರೆದಿಟ್ಟ ಒಂದು ಎಲೆ 5 ಅಥವಾ 6 ಆಗಿದ್ದರೆ ಅದು ಸರಿಯೂ ಹೌದು, ಆಗ ನೂರರಲ್ಲಿ ಸುಮಾರು 42 ಸಲ ಡೀಲರ್ 21 ದಾಟುತ್ತಾನೆ. ಆದರೆ ಎದುರಿಗೆ 10 ಕೂತಿರುವಾಗ 13 ಹಿಡಿದು ಕೂತರೆ? ಡೀಲರ್ ಆರಾಮಾಗಿ 20 ಮಾಡಿ ನಮ್ಮ ಪಣದ ಚಿಪ್ಸ್ ಎಳೆದುಕೊಳ್ಳುತ್ತಾನೆ. ಹೀಗೆ ಆಡಿದರೆ ಕಟ್ಟಿದ ನೂರು ರೂಪಾಯಿಗೆ ಸರಾಸರಿ ನಾಲ್ಕು ರೂಪಾಯಿ ಹೋಗುತ್ತದೆ.

ಎರಡನೆಯದು ಡೀಲರ್‌ನನ್ನೇ ನಕಲು ಮಾಡುವುದು: 16ರ ತನಕ ಕೇಳು, 17ಕ್ಕೆ ನಿಲ್ಲು. ಕ್ಯಾಸಿನೊ ಗೆಲ್ಲುವುದೇ ಹಾಗೆ ಆಡಿ ಅಲ್ವಾ, ನಾವೂ ಹಾಗೇ ಆಡಿದರೆ ಸಮ ಸಮ ಆಗಬೇಕಲ್ಲ ಅನ್ನಿಸುತ್ತದೆ. ಆಗಲ್ಲ. ಡೀಲರ್ ಗೆಲ್ಲುವುದು 17ಕ್ಕೆ ನಿಲ್ಲುವುದರಿಂದ ಅಲ್ಲ, ಕೊನೆಗೆ ಆಡುವುದರಿಂದ. ಜೊತೆಗೆ ನಮಗೆ ಮಾತ್ರ ಇರುವ ಅನುಕೂಲಗಳನ್ನು ನಾವೇ ಕೈಬಿಟ್ಟ ಹಾಗೆ. 11 ಬಂದಾಗ ಪಣ ಡಬಲ್ ಮಾಡುವುದು, ಎರಡು 8 ಬಂದರೆ ಬೇರೆ ಬೇರೆ ಮಾಡಿ ಎರಡು ಕೈ ಆಡುವುದು, ಇದು ಯಾವುದೂ ಈ ಆಟದಲ್ಲಿ ಇಲ್ಲ. ನೂರಕ್ಕೆ ಐದೂವರೆ ಹೋಗುತ್ತದೆ. ಭಾವನ ಆಟಕ್ಕಿಂತ ಕಡೆ. ಈ ಮಾತನ್ನು ಭಾವ ಎಲ್ಲರ ಮುಂದೂ ಹೇಳಿಸಿದರು.

ಮೂರನೆಯದು ಚಾರ್ಟು. ನಮ್ಮ ಕೈಯಲ್ಲಿ ಇಷ್ಟು, ಡೀಲರ್ ಎದುರು ಇಷ್ಟು, ಆಗ ಏನು ಮಾಡಬೇಕು ಅಂತ ಒಂದೊಂದಕ್ಕೂ ಬರೆದ ಪಟ್ಟಿ. ಅಮೆರಿಕದ ಸೈನ್ಯದಲ್ಲಿದ್ದ ಬಾಲ್ಡ್ವಿನ್, ಕ್ಯಾಂಟಿ, ಮೈಸೆಲ್, ಮೆಕ್‌ಡರ್ಮಟ್ ಎಂಬ ನಾಲ್ವರು ಮೇಜಿನ ಮೇಲಿಡುವ ಲೆಕ್ಕದ ಯಂತ್ರದಲ್ಲಿ ಇದನ್ನು ಕೂಡಿಸಿ ಕಳೆದು 1956ರಲ್ಲಿ ಪ್ರಕಟಿಸಿದರು. ಆಮೇಲೆ ಕಂಪ್ಯೂಟರ್ ಬಂದು ಅಲ್ಲಲ್ಲಿ ತಿದ್ದಿತು ಅಷ್ಟೆ. ನಿಯಮ ಚೆನ್ನಾಗಿರುವ ಟೇಬಲ್ಲಿನಲ್ಲಿ ಹೀಗೆ ಆಡಿದರೆ ನೂರಕ್ಕೆ ಅರ್ಧ ರೂಪಾಯಿ ಹೋಗುತ್ತದೆ.

ಕಾಗದದಲ್ಲಿ ಇದಕ್ಕೆ ಎದುರಿಲ್ಲ. ಆದರೆ ಟೇಬಲ್ಲಿನಲ್ಲಿ ಮನಸ್ಸು ಒಪ್ಪಲ್ಲ. ನನಗೆ 16, ಡೀಲರ್ ಎದುರು ರಾಣಿ. ಚಾರ್ಟು ಕೇಳು ಅನ್ನುತ್ತದೆ. ನಿಂತರೂ ಸೋಲು, ಕೇಳಿದರೂ ಸೋಲು, ಕೇಳಿದರೆ ಕೂದಲೆಳೆಯಷ್ಟು ಕಡಿಮೆ. ಬೆರಳಿಂದ ಟೇಬಲ್ ತಟ್ಟಿದೆ. 9 ಬಂತು, ಹೋಯಿತು. ನನ್ನ ಬಲಕ್ಕೆ ಕೂತವರೊಬ್ಬರು ‘ಡೀಲರ್ ಸಾಯೋ ಎಲೆ ನೀವು ತಗೊಂಡ್ರಿ’ ಅಂತ ಮುಖ ಗಂಟು ಹಾಕಿದರು. ಮುಂದಿನ ಎಲೆ ಯಾವುದು ಅಂತ ಯಾರಿಗೂ ಗೊತ್ತಿರಲ್ಲ. ನಾನು ತೆಗೆದುಕೊಂಡಿದ್ದರಿಂದ ಅವರಿಗೆ ಒಳ್ಳೆಯದೂ ಆಗಬಹುದು, ಕೆಟ್ಟದ್ದೂ ಆಗಬಹುದು. ಅದನ್ನು ಅಲ್ಲಿ ವಾದ ಮಾಡಿ ಪ್ರಯೋಜನ ಇಲ್ಲ, ಸುಮ್ನೆ ಇರಬೇಕು. ಚಾರ್ಟು ಮುಂದೆ ಇಟ್ಟುಕೊಳ್ಳಬಹುದಾ ಅಂತ ಮೊದಲೇ ಕೇಳಿದ್ದೆ, ಇಟ್ಟುಕೊಳ್ಳಿ ಅಂದಿದ್ದರು.

ಎಲೆ ನೆನಪಿಡುವ ವಿದ್ಯೆಯನ್ನು ನಾನು ಮುಟ್ಟಿಲ್ಲ. ಸೋತಾಗಲೆಲ್ಲ ಪಣ ಡಬಲ್ ಮಾಡುವ ಆಟವನ್ನು ಹುಣಸೆ ಬೀಜದಲ್ಲಿ ಮಾತ್ರ ನೋಡಿದೆವು. 500ರಿಂದ ಶುರು ಮಾಡಿ ಸಾಲಾಗಿ ಆರು ಸೋತರೆ 31,500 ಹೋಗಿರುತ್ತದೆ. ಏಳನೆಯದಕ್ಕೆ 32,000 ಕಟ್ಟಬೇಕು, ಗೆದ್ದರೆ ಸಿಗುವ ಲಾಭ 500. ಒಂದು ಸಂಜೆ ಆಡಿದರೆ ಸಾಲಾಗಿ ಆರು ಸೋಲು ಬರುವುದು ಅಪರೂಪ ಏನಲ್ಲ. ಡೀಲರ್‌ಗೆ ಎಕ್ಕ ಬಂದಾಗ ಕೇಳುವ ಇನ್ಶೂರೆನ್ಸ್, ಅಂದರೆ ಡೀಲರ್‌ಗೆ ಬ್ಲ್ಯಾಕ್‌ಜಾಕ್ ಬರುತ್ತದೆ ಅಂತ ಕಟ್ಟುವ ಬೇರೆ ಪಣ, ಅದೂ ಬೇಡ, ಅದರಲ್ಲಿ ನೂರಕ್ಕೆ ಸುಮಾರು ಏಳು ಹೋಗುತ್ತದೆ.

ಈಗ ದುಡ್ಡಿನ ಲೆಕ್ಕದಲ್ಲೇ ಇಟ್ಟು ನೋಡಿ. ಗಂಟೆಗೆ 60 ಕೈ, ಕೈಗೆ 1,000 ರೂಪಾಯಿ ಅಂದುಕೊಳ್ಳೋಣ. ಸರಾಸರಿಯಲ್ಲಿ ಡೀಲರ್ ನಕಲಿಗೆ 3,300 ಹೋಗುತ್ತದೆ, ಭಾವನ ಆಟಕ್ಕೆ 2,400, ಚಾರ್ಟಿಗೆ 300. ಸರಾಸರಿ ಅಂದೆ. ಒಂದು ರಾತ್ರಿಯಲ್ಲಿ ಏನು ಬೇಕಾದರೂ ಆಗಬಹುದು, ಭಾವ ಗೆದ್ದು ನಾನು ಸೋತು ಎದ್ದದ್ದೂ ಉಂಟು.

ಚಾರ್ಟು ಕಲಿತವರೂ ನೋಡದೆ ಬಿಡುವುದು ಟೇಬಲ್ ಬಟ್ಟೆಯ ಮೇಲಿನ ಬರಹ. ಬ್ಲ್ಯಾಕ್‌ಜಾಕ್‌ಗೆ 3ಕ್ಕೆ 2 ಅಂತ ಇದ್ದರೆ 1,000ಕ್ಕೆ 1,500 ಲಾಭ. 6ಕ್ಕೆ 5 ಅಂತ ಇದ್ದರೆ 1,200. ಸುಮಾರು 21 ಕೈಗೆ ಒಂದು ಸಲ ಬ್ಲ್ಯಾಕ್‌ಜಾಕ್ ಬರುತ್ತದೆ, ಗಂಟೆಗೆ ಮೂರು ಅಂದುಕೊಂಡರೆ 900 ರೂಪಾಯಿ ಅಲ್ಲೇ ಕಡಿಮೆ ಆಯಿತು. ಚಾರ್ಟಿನಿಂದ ಉಳಿಸಿದ್ದರಲ್ಲಿ ದೊಡ್ಡ ಪಾಲೇ ಅದು. ಕನಿಷ್ಠ ಪಣ 500 ಇರುವ 6-5 ಟೇಬಲ್, 1,000 ಇರುವ 3-2 ಟೇಬಲ್, ಎರಡೂ ಎದುರಿಗಿದ್ದರೆ? ಗಂಟೆಗೆ ಸರಾಸರಿ ಹೋಗುವುದು ಅಗ್ಗದ ಟೇಬಲ್ಲಿನಲ್ಲಿ ಸುಮಾರು 600, ದುಬಾರಿಯದರಲ್ಲಿ 300. ಆದರೆ ದುಬಾರಿ ಟೇಬಲ್ಲಿನಲ್ಲಿ ಏರಿಳಿತ ಡಬಲ್. ಕೈಯಲ್ಲಿ ಹೋದರೂ ಪರವಾಗಿಲ್ಲ ಅನ್ನುವ 30,000 ಇದ್ದರೆ ನಾನು 3-2ಕ್ಕೆ ಕೂರುತ್ತೇನೆ. ಹತ್ತೇ ಸಾವಿರ ಇದ್ದರೆ ಎರಡಕ್ಕೂ ಕೂರಲ್ಲ, ಟಿಕೆಟ್ಟಿನಲ್ಲಿ ಊಟ ಸೇರಿರುತ್ತದೆ, ಉಂಡು ಬೇರೆಯವರ ಆಟ ನೋಡುತ್ತೇನೆ. ಭಾವ ಮಾತ್ರ ಎಲ್ಲಿ ಕುರ್ಚಿ ಖಾಲಿ ಇದೆಯೋ ಅಲ್ಲಿ.